ಪಾಲಾಗದ 214 ಕೋಟಿ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಈ ಸಂಖ್ಯೆಯ ಗುಣಾವಗುಣಗಳ ಬಗ್ಗೆ ಕನ್ನಡದಲ್ಲಿ ತಜ್ಞರ ತೀವ್ರ ಅಭಾವವಿರುವುದರಿಂದ ಆ ಹೊಣೆಯನ್ನು ನಾನೇ ಹೊತ್ತಿದ್ದೇನೆ. ಬೇರಾರೂ ಅರ್ಜಿ ಹಾಕಿರಲಿಲ್ಲ.

ಮೊದಲು ಮನೆತನ. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಇದು ಹುಟ್ಟುತ್ತದೆ. ಜಾತಿ ಅವಿಭಾಜ್ಯ. ಇಷ್ಟು ರೂಪಾಯಿಯನ್ನು ಇಬ್ಬರು ಅಣ್ಣತಮ್ಮಂದಿರು ಪಾಲು ಹಾಕಿಕೊಂಡರೆ ಒಂದು ರೂಪಾಯಿ ಮಿಗುತ್ತದೆ. ಮೂವರಾದರೂ ಒಂದು, ನಾಲ್ವರಿಗೆ ಮೂರು, ಐವರಿಗೆ ಎರಡು. ಆ ಒಂದು ರೂಪಾಯಿ ಹಿಡಿದುಕೊಂಡು ಹೈಕೋರ್ಟಿನ ತನಕ ಹೋಗಬಹುದು. ತಕರಾರಿಲ್ಲದೆ ಮುಗಿಯಬೇಕೆಂದರೆ ಒಬ್ಬನೇ ಮಗನಿರಬೇಕು, ಇಲ್ಲವೇ 214 ಕೋಟಿ ಚಿಲ್ಲರೆ ಮಕ್ಕಳಿರಬೇಕು. ಎರಡನೆಯದನ್ನು ನಾನು ಶಿಫಾರಸು ಮಾಡುವುದಿಲ್ಲ.

ಇದು ಅವಿಭಾಜ್ಯವೆಂದು 1772ರಲ್ಲಿ ಖಚಿತಪಡಿಸಿದವನು ಸೇಂಟ್ ಪೀಟರ್ಸ್‌ಬರ್ಗಿನ ಲಿಯೊನಾರ್ಡ್ ಆಯ್ಲರ್, ಅದೂ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೆ. 46,340ರೊಳಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸುತ್ತ ಕೂರಬೇಕಿಲ್ಲ, 248ರಿಂದ ಭಾಗಿಸಿದರೆ 1 ಅಥವಾ 63 ಉಳಿಯುವಂಥವು ಸಾಕು ಎಂದು ಆತ ಲೆಕ್ಕ ಹಾಕಿದ್ದ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ, ಇದರಿಂದ ದೊರೆಯುವ ಪರಿಪೂರ್ಣ ಸಂಖ್ಯೆಯೇ (ತನ್ನನ್ನುಳಿದ ತನ್ನ ಭಾಜಕಗಳ ಮೊತ್ತಕ್ಕೆ ಸಮನಾದದ್ದು) ಕೊನೆಯದು, ಉಪಯೋಗವಿಲ್ಲದ್ದನ್ನು ಯಾರೂ ಮುಂದೆ ಹುಡುಕಲಾರರು ಎಂಬರ್ಥದಲ್ಲಿ ಬರೆದ. 1876ರಲ್ಲಿ ಲೂಕಾಸ್ ಎಂಬ ಫ್ರೆಂಚರವನು ಅದೇ ವಂಶದ 39 ಅಂಕಿಯ ಕುಡಿಯನ್ನು ಹಿಡಿದು ತಂದ. ನಮ್ಮಂಥ ತಜ್ಞರ ಭವಿಷ್ಯವಾಣಿಯ ಗುಣಮಟ್ಟ ಅಂದಿನಿಂದ ಇಂದಿನವರೆಗೆ ಕುಸಿದಿಲ್ಲ.

ಇನ್ನು ಲೋಕೋಪಯೋಗ. ಕಂಪ್ಯೂಟರಿನ 32 ಬಿಟ್‌ಗಳ ಖಾನೆಯಲ್ಲಿ ಒಂದು ಬಿಟ್ ಪ್ಲಸ್ಸು-ಮೈನಸ್ಸಿಗೆ ಹೋದರೆ, ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುವುದರಿಂದ ಒಂದೂ ಅದರಲ್ಲಿ ಹಿಡಿಸುವುದಿಲ್ಲ. ಪ್ರೋಗ್ರಾಮು ಬರೆದವನು ಅವಸರದಲ್ಲಿದ್ದರೆ, ಕೆಲವು ಡೇಟಾಬೇಸುಗಳು ದಾಕ್ಷಿಣ್ಯಕ್ಕೆ ಬಿದ್ದು, ಆಗದು ಎನ್ನದೆ 2147483647 ಎಂದು ಬರೆದುಕೊಳ್ಳುತ್ತವೆ. ಸಾಹುಕಾರ, ಸಾಲಗಾರ, ಅತ್ತೆ, ಸೊಸೆ, ಎಲ್ಲರಿಗೂ ಒಂದೇ ನಂಬರು. ಅದ್ವೈತಕ್ಕೆ ಇಷ್ಟು ಕಡಿಮೆ ಖರ್ಚಿನ ಪ್ರಾತ್ಯಕ್ಷಿಕೆ ನನ್ನ ಗಮನಕ್ಕೆ ಬಂದಿಲ್ಲ.

1970ರ ಜನವರಿ 1ರಿಂದ ಇದೇ ಅಳತೆಯ ಖಾನೆಯಲ್ಲಿ ಸೆಕೆಂಡು ಎಣಿಸುತ್ತಿರುವ ಹಳೆಯ ಯಂತ್ರಗಳು ಈ ಸಂಖ್ಯೆಯನ್ನು ಮುಟ್ಟುವುದು 2038ರ ಜನವರಿ 19ರ ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ರಾಹುಕಾಲ ಮಧ್ಯಾಹ್ನ ಮೂರರ ಮೇಲೆ. ಯಮಗಂಡಕ್ಕೂ ಕಾಲು ಗಂಟೆ ಬಾಕಿ. ಮುಹೂರ್ತದಲ್ಲಿ ದೋಷ ಕಾಣುತ್ತಿಲ್ಲ. ಆದರೆ ಮರು ಸೆಕೆಂಡಿಗೆ, ಅಷ್ಟರಲ್ಲಿ ದುರಸ್ತಿ ಕಾಣದ ಯಂತ್ರಗಳ ಲೆಕ್ಕ ಮೈನಸ್ಸಿಗೆ ತಿರುಗಿ, 1901ರ ಡಿಸೆಂಬರ್ 14ರ ರಾತ್ರಿ ಎರಡೂಕಾಲಿಗೆ ಹೋಗಿ ನಿಲ್ಲುತ್ತದೆ. ಮೈಸೂರಿನಲ್ಲಿ ಆಗ ವಾಣಿವಿಲಾಸ ಸನ್ನಿಧಾನದವರ ರೀಜೆನ್ಸಿ. ಆಡಳಿತದ ಬಗ್ಗೆ ಚಿಂತೆಯಿಲ್ಲ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಮಾತ್ರ 1902ರ ಜೂನಿನಲ್ಲಿ. ಹೋಗುವ ಕಂಪ್ಯೂಟರುಗಳು ಆರೇಳು ತಿಂಗಳು ತಡೆಯುವ ಯುಪಿಎಸ್ ಜೊತೆಗಿಟ್ಟುಕೊಳ್ಳತಕ್ಕದ್ದು.