ಹೆಣ ಏಳಬೇಕೋ, ಬೇಡವೋ

(ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿ. ಗಿರಾಕಿಯ ಕೈಯಲ್ಲಿ ಜಾನ್ ಜೋಸೆಫ್ ಆಡಮ್ಸ್ ಸಂಪಾದಿಸಿದ ‘ದಿ ಲಿವಿಂಗ್ ಡೆಡ್’, 2008. ದಪ್ಪ ನೋಡಿದರೆ ಆತ್ಮರಕ್ಷಣೆಗೂ ಆದೀತು.)

ಗಿರಾಕಿ: ಏನ್ರೀ ಇದು! 34 ಕಥೆ, ತೆಗೆದರೆ ಸಾಕು ಹೆಣ ಎದ್ದು ಬರುತ್ತೆ.

ಅಂಗಡಿಯವ: ಜಾಂಬಿ ಕಥೆ ಸಾರ್. ಹೆಣ ಮಲಗೇ ಇದ್ರೆ ಪತ್ತೇದಾರಿ ಆಗುತ್ತೆ.

ಗಿರಾಕಿ: ಜೋ ಹಿಲ್ ಕಥೆಯಲ್ಲಿ ಏಳೋದೇ ಇಲ್ಲ! ನಿರ್ದೇಶಕ ರೊಮೆರೊನ ಜಾಂಬಿ ಸಿನಿಮಾದ ಶೂಟಿಂಗು, ಬಣ್ಣ ಬಳಿದುಕೊಂಡ ಎಕ್ಸ್‌ಟ್ರಾಗಳು, ಹಳೇ ಪ್ರೇಮ. ಶುದ್ಧ ಮೋಸ.

ಅಂಗಡಿಯವ: ಎದ್ರೂ ತಪ್ಪು, ಏಳದಿದ್ರೂ ತಪ್ಪು?

ಗಿರಾಕಿ: ಡೇಲ್ ಬೇಲಿಯದಂತೂ ಕೇಳ್ಬೇಡಿ. ಅಮೆರಿಕದಲ್ಲಿ ಸತ್ತವರು ವೋಟು ಹಾಕೋಕೆ ಎದ್ದು ಬರ್ತಾರಂತೆ!

ಅಂಗಡಿಯವ: ಪಾಪ, ಖುದ್ದು ಬರ್ಬೇಕಾ ಅಲ್ಲಿ?

ಗಿರಾಕಿ: ಇದನ್ನ ಬಿಡಿ, 1989ರ ‘ಬುಕ್ ಆಫ್ ದಿ ಡೆಡ್’ ಅಂದ್ರೆ ಸಂಕಲನ! ಮುನ್ನುಡಿ ಸ್ವತಃ ರೊಮೆರೊದು.

ಅಂಗಡಿಯವ: ಓದಿದ್ದೀರಾ?

ಗಿರಾಕಿ: ಸಿಕ್ಕಿಲ್ಲ.

(ಹಳೆಯದೇ ಮೇಲು ಅನ್ನುವವರಲ್ಲಿ ಬಹುಪಾಲು ಇದೇ ಪಂಗಡ.)

ಅಂಗಡಿಯವ: ಅದರಲ್ಲಿದ್ದ ಸ್ಟೀಫನ್ ಕಿಂಗ್ ಕಥೆ ನಿಮ್ಮ ಕೈಲಿರೋದರಲ್ಲೂ ಇದೆ ಸಾರ್.

ಗಿರಾಕಿ: ಇದೆಯಾ? ಇದರಲ್ಲಿ ಬೋರು ಹೊಡೀತು.

ಅಂಗಡಿಯವ: ಹಾಗಾದ್ರೆ ವಾಪಸ್ ತಗೊಳ್ಳಲಾ?

ಗಿರಾಕಿ: ಎರಡನೇ ಭಾಗ ಇದ್ರೆ ಕೊಡ್ರೀ. ಬೈಯೋದು ಇನ್ನೂ ಮುಗಿದಿಲ್ಲ.