ಪ್ಯಾಕಿಂಗ್ ರಾಯರು

ಪ್ರತಿ ಹೌಸಿಂಗ್ ಸೊಸೈಟಿಯಲ್ಲೂ ಒಬ್ಬ ಚೇರ್ಮನ್, ಒಬ್ಬ ಸೆಕ್ರೆಟರಿ, ವರ್ಷಗಟ್ಟಲೆ ಮೆಂಟೆನನ್ಸ್ ಕೊಡದ ಒಬ್ಬ ಪುಣ್ಯಾತ್ಮ ಮತ್ತು ಹಳೇ ಕಾರಿನ ಒಬ್ಬ ಮಾಲೀಕ ಇರಲೇಬೇಕು. ಮೊದಲ ಮೂವರು ಆಗಾಗ ಬದಲಾಗುತ್ತಾರೆ. ನಾಲ್ಕನೆಯವರು ಬದಲಾಗುವುದಿಲ್ಲ, ಅವರ ಕಾರೂ ಕದಲುವುದಿಲ್ಲ. ಭಾನುವಾರ ಬೆಳಿಗ್ಗೆ ನೀವು ಹಾಲು ತರಲು ಹೊರಟಾಗ ಕಾರು ಬಾಯಿ ತೆರೆದುಕೊಂಡಿರುತ್ತದೆ, ಆ ಬಾಯೊಳಗೆ ಮಾಲೀಕರ ತಲೆ ಇರುತ್ತದೆ. ಸಂಜೆ ಭೇಳ್ ತಿಂದು ವಾಪಸು ಬರುವಾಗ ಕಾರಿನ ಅಡಿಯಿಂದ ಅವರ ಕಾಲುಗಳು ಕಾಣುತ್ತವೆ. ನಡುವಿನ ಹೊತ್ತಿನಲ್ಲಿ ತಲೆಯಿಂದ ಕಾಲಿನವರೆಗೆ ಕೆಲಸ ಮುಂದುವರಿದಿದೆ ಎಂದು ಅರ್ಥ.

ನವಿ ಮುಂಬಯಿಯ ಕಳಂಬೋಲಿಯ ನಮ್ಮ ಸೆಕ್ಟರಿನಲ್ಲಿ ಈ ಹುದ್ದೆ ರಾಯರದು. ಮೂಲ ಧಾರವಾಡದ ಕಡೆಯವರು, ತಳೋಜಾ ಎಮ್‌ಐಡಿಸಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಇಂಗ್ಲಿಷ್ ಪುಸ್ತಕ ಗ್ಯಾಸ್ಕೆಟ್ ಎಂದು ಕರೆಯುವ ವಸ್ತುವನ್ನು ಇಲ್ಲಿಯ ಟ್ರಕ್ ಟರ್ಮಿನಲ್ಲಿನ ಮೇಸ್ತ್ರಿಗಳು ಪ್ಯಾಕಿಂಗ್ ಎನ್ನುತ್ತಾರೆ. ರಾಯರ ಬಾಯಲ್ಲಿ ಆ ಶಬ್ದ ಎಷ್ಟು ಸಲ ಬರುತ್ತದೆಂದರೆ ಅವರು ಪ್ಯಾಕಿಂಗ್ ರಾಯರೆಂದೇ ಹೆಸರಾದರು. ಹೊಸದಾಗಿ ಬಂದ ಬಾಡಿಗೆದಾರರೊಬ್ಬರು, ‘ಮನೆ ಸಾಮಾನು ಪುಣೆಗೆ ಸಾಗಿಸಲು ಎಷ್ಟಾಗುತ್ತದೆ?’ ಎಂದು ಅವರ ಬಾಗಿಲು ತಟ್ಟಿದ್ದೂ ಉಂಟು.

ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನ ಹತ್ತಿರ ವಂಡಲೂರಿನಲ್ಲಿ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಸುಮಾರು ಹತ್ತು ವರ್ಷ ಕಟ್ಟಿದ ಬಂಡಿ. ನಿಮ್ಮ ಕಣ್ಣಿಗೆ ಅದು ಎರಡು ಬಾಗಿಲಿನ ಸಂಸಾರಸ್ಥ ಕಾರು. ಹಾಗೆಂದು ರಾಯರ ಮುಂದೆ ಅಂದೀರಿ, ಜೋಕೆ.

‘ಸಂಸಾರಸ್ಥ ಏನ್ರೀ? ಇದು ಸ್ಪೋರ್ಟ್ಸ್ ಕಾರು! ಟ್ರಯಂಫ್ ಸ್ಪಿಟ್‌ಫೈರ್ ಕೇಳೀರಿಲ್ಲೋ? ಅದಕ್ಕೂ ಇದಕ್ಕೂ ಒಂದ ಚಾಸಿ, ಒಂದ ಇಂಜಿನ್ನಿನ ವಂಶ. ಡಿಜೈನ್ ಮಾಡಿದಾಂವನೂ ಒಬ್ಬನ, ಇಟಲಿಯ ಮಿಕೆಲೊಟ್ಟಿ!’

ಹೇಳುವುದರಲ್ಲಿ ಸುಳ್ಳಿಲ್ಲ, ಅದೇ ಕಷ್ಟ. ಇಂಗ್ಲೆಂಡಿನಲ್ಲಿ 1953ರ ಸ್ಟ್ಯಾಂಡರ್ಡ್ ಏಟ್ ಎಂಬ ಬಡ ಕಾರಿಗೆ ಹಾಕಿದ 803 ಸಿಸಿ ಇಂಜಿನ್ನೇ ಬೆಳೆದು 948 ಆಗಿ ಹೆರಾಲ್ಡಿಗೆ ಬಂತು. ಇನ್ನೂ ಬೆಳೆದು 1147 ಆಗಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಚೆಲುವೆಯ ಎದೆ ಸೇರಿತು. 1980ರಲ್ಲಿ ಸ್ಪಿಟ್‌ಫೈರ್ ನಿಲ್ಲುವ ಹೊತ್ತಿಗೆ ಅದು 1493 ಸಿಸಿ. ರಾಯರದು 948. ಮಂತ್ರಿಯ ದಾಯಾದಿ ತಾನು ಎಂದು ಹೇಳಿಕೊಂಡು ತಿರುಗುವ ಗುಮಾಸ್ತರನ್ನು ನಾವು ಕಂಡಿಲ್ಲವೇ? ಸಂಬಂಧ ನಿಜ, ಸಂಬಳ ಬೇರೆ.

ಹೆರಾಲ್ಡಿನ ತಗಡಿನ ಮಾಡನ್ನು ಬೋಲ್ಟು ಬಿಚ್ಚಿ ಎತ್ತಿಡಬಹುದು. ಕಂಪನಿಯೇ ಹಾಗೆ ಮಾಡಿದ್ದು. ರಾಯರು ಎತ್ತಿಟ್ಟರು. ಈಗ ಆ ಮಾಡು ಅವರ ಬಾಲ್ಕನಿಯಲ್ಲಿ ಒರಗಿದೆ, ಅವರ ಹೆಂಡತಿ, ನಮ್ಮೆಲ್ಲರ ವೈನಿ, ಅದರ ಮೇಲೆ ಹಪ್ಪಳ ಒಣಹಾಕುತ್ತಾರೆ. ಮಾಡಿಲ್ಲದ ಕಾರನ್ನು ಕೊಂಕಣದ ಮಳೆಗಾಲದಲ್ಲಿ ಇಟ್ಟುಕೊಂಡವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನೀಲಿ ತಾಡಪತ್ರಿಯಲ್ಲಿ ಸುತ್ತಿಡಬೇಕು. ಉಳಿದ ಎಂಟು ತಿಂಗಳು ಕಾರು ಓಡಬಹುದಲ್ಲ ಎನ್ನುತ್ತೀರಾ? ಅಲ್ಲಿಂದಲೇ ನಮ್ಮ ಕಥೆ.

ಆ ಇಂಜಿನ್ನಿಗೆ ಮುಚ್ಚಳಗಳು ಹಲವು. ಮೇಲೆ ಟ್ಯಾಪೆಟ್ ಕವರು, ಮುಂದೆ ಟೈಮಿಂಗ್ ಚೈನಿನ ಕವರು, ಕೆಳಗೆ ಎಣ್ಣೆ ತುಂಬಿರುವ ಚೇಂಬರು. ಒಂದೊಂದರ ಸಂದಿಗೂ ಒಂದೊಂದು ಪ್ಯಾಕಿಂಗ್. ರಾಯರು ಒಂದು ಭಾನುವಾರ ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗ್ ಬದಲಿಸುತ್ತಾರೆ. ಮುಂದಿನ ಭಾನುವಾರ ಎಣ್ಣೆ ಟೈಮಿಂಗ್ ಕವರಿನಿಂದ ಜಿನುಗುತ್ತದೆ. ರೇಡಿಯೇಟರ್ ಇಳಿಸಿ, ಪುಲ್ಲಿ ಕಿತ್ತು ಅದನ್ನು ಸರಿಮಾಡುತ್ತಾರೆ. ಎಣ್ಣೆ ಚೇಂಬರಿಗೆ ಇಳಿಯುತ್ತದೆ. ಚೇಂಬರು ಬಿಗಿ ಮಾಡಿದರೆ ಮತ್ತೆ ಟ್ಯಾಪೆಟ್ ಕವರು. ಅಂಗಳದ ಪೇವರ್ ಬ್ಲಾಕಿನ ಮೇಲೆ ಕಲೆಯಾಗುತ್ತದೆಂದು ಚೇರ್ಮನ್‌ರು ಮರಾಠಿಯಲ್ಲಿ ನೋಟಿಸು ಅಂಟಿಸಿದರು. ಅಂದಿನಿಂದ ಕಾರಿನ ಕೆಳಗೆ ಒಂದು ಪರಾತ ಬಂತು. ಹೋಳಿ ಹುಣ್ಣಿಮೆಯ ದಿನ ವೈನಿ, ‘ಏನ್ರೀ, ಕಣಕ ನಾದೋ ಪರಾತ ಎಲ್ಲದ?’ ಎಂದು ಮೂರನೇ ಮಹಡಿಯಿಂದ ಕೂಗಿದ್ದನ್ನು ಇಡೀ ಸೊಸೈಟಿ ಕೇಳಿದೆ. ಉತ್ತರವನ್ನೂ ಕೇಳಿದೆ.

ಇನ್ನು ಪ್ಯಾಕಿಂಗ್ ಕೂಡಿಸುವ ಶಾಸ್ತ್ರ. ಇದರಲ್ಲಿ ಮತಭೇದಗಳಿವೆ. ಎರಡೂ ಮೈಗೆ ಶೆಲ್ಯಾಕ್ ಬಳಿದು ಬಿಗಿದರೆ ಕವರು, ಪ್ಯಾಕಿಂಗ್, ಹೆಡ್ಡು ಮೂರೂ ಒಂದೇ ಆಗಿಬಿಡುತ್ತವೆ, ಮತ್ತೆ ಬೇರ್ಪಡಿಸಲು ಉಳಿ ಬೇಕು. ಇದು ಅದ್ವೈತ. ಕವರಿನ ಕಡೆ ಮಾತ್ರ ಅಂಟು ಹಾಕಿ ಹೆಡ್ಡಿನ ಕಡೆ ಬರೀ ಗ್ರೀಸು ಸವರುವುದು ವಿಶಿಷ್ಟಾದ್ವೈತ. ಯಾವ ಕಡೆಯೂ ಅಂಟಿಲ್ಲದೆ ಕಾರ್ಕ್ ಕಾರ್ಕಾಗಿಯೇ, ಕಬ್ಬಿಣ ಕಬ್ಬಿಣವಾಗಿಯೇ ಉಳಿಯಬೇಕೆಂಬುದು ರಾಯರ ಮತ. ಮನೆತನದ ಸಂಸ್ಕಾರ, ತಪ್ಪಿಸಲಾಗದು. ಅನುಭವಿ ಮೇಸ್ತ್ರಿಗಳೆಲ್ಲ ಹೇಳುವುದು ನಡುವಿನದನ್ನು: ಪ್ಯಾಕಿಂಗ್ ಕವರಿಗೆ ಅಂಟಿರಲಿ, ಟ್ಯಾಪೆಟ್ ನೋಡಲು ತೆಗೆದಾಗ ಜೊತೆಗೇ ಎದ್ದುಬರಲಿ. ರಾಮಾನುಜರ ಪಕ್ಷ ಗೆದ್ದಿತೆಂದು ರಾಯರು ಒಪ್ಪುವುದುಂಟೇ?

ಸಿಲಿಕೋನ್ ಪೇಸ್ಟಿನ ಟ್ಯೂಬಿನವರನ್ನು ಕಂಡರಂತೂ ಅವರಿಗೆ ಆಗದು. ಇದರಲ್ಲಿ ನಾನು ಅವರ ಪಕ್ಷ. ಕೇಕಿನ ಮೇಲೆ ಕ್ರೀಮು ಹಿಂಡಿದ ಹಾಗೆ ಹಿಂಡಿದರೆ ಅರ್ಧ ಹೊರಗೆ ಉಬ್ಬುತ್ತದೆ, ಅರ್ಧ ಒಳಗೆ. ಹೊರಗಿನದನ್ನು ಒರೆಸಬಹುದು. ಒಳಗಿನದು ಎಳೆಯಾಗಿ ಕಳಚಿ, ಎಣ್ಣೆ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಸೋರಿಕೆ ನಿಲ್ಲುತ್ತದೆ, ಜೊತೆಗೆ ಇಂಜಿನ್ನೂ ನಿಲ್ಲುತ್ತದೆ.

ಟ್ಯಾಪೆಟ್ ಕವರು ಒತ್ತಿ ಮಾಡಿದ ತೆಳು ತಗಡು. ಮೇಲಿನ ನಟ್ಟನ್ನು ಕೈಬೆರಳಿನಿಂದ ತಿರುಗಿಸಿ, ಆಮೇಲೆ ಪಾನಾದಿಂದ ಚೂರು ಬಿಗಿದರೆ ಸಾಕು. ಆದರೆ ಗಂಡಸಿನ ಕೈಗೆ ಪಾನಾ ಕೊಟ್ಟು ‘ಸಾಕು’ ಎಂದವರುಂಟೇ? ಬಿಗಿದಷ್ಟೂ ಕಾರ್ಕ್ ಹಿಸುಕಿ ಹೊರಬರುತ್ತದೆ, ತಗಡಿನ ಅಂಚು ಬಾಗಿ ಅಲೆಯಾಗುತ್ತದೆ. ಆ ಅಲೆಯನ್ನು ಸಪಾಟು ಮಾಡಲು ದಪ್ಪನೆಯ ಉಕ್ಕಿನ ಪ್ಲೇಟೊಂದರ ಮೇಲಿಟ್ಟು ಬಡಿಯಬೇಕು. ಪ್ಲೇಟಿಗೆ ಬರವೇ? ಕಳಂಬೋಲಿಯಲ್ಲಿ ಬೇರೆ ಏನು ಸಿಗದಿದ್ದರೂ ಉಕ್ಕು ಸಿಗುತ್ತದೆ. ಮುಂಬಯಿಯ ಕಬ್ಬಿಣ ಪೇಟೆಯನ್ನು ಇಲ್ಲಿಗೆ ತಂದು ಕೂಡಿಸಿದಾಗಿನಿಂದ ಇದು ಕಾಯಿಲ್‌ಗಳ, ಆಂಗಲ್‌ಗಳ, ಟ್ರೇಲರ್‌ಗಳ ಊರು. ರಾಯರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪೇಟೆಗೆ ಹೋದರು. ಗದ್ದಿಗೆಯ ಮೇಲಿನ ಸೇಠಜಿ ಕ್ಯಾಲ್ಕ್ಯುಲೇಟರ್ ಎಳೆದುಕೊಂಡು, ‘ಎಷ್ಟು ಟನ್ನು?’ ಎಂದರು.

‘ಒಂದು ಗೇಣು.’

ಸೇಠಜಿ ಇದನ್ನು ಏನೋ ಕೋಡ್ ಎಂದುಕೊಂಡು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದರಂತೆ. ಕೊನೆಗೆ ಒಂದು ಕತ್ತರಿಸಿದ ತುಂಡು ಪುಕ್ಕಟೆ ಸಿಕ್ಕಿತು. ಹೊರಲಾಗದೆ ರಿಕ್ಷಾಕ್ಕೆ ಕೊಟ್ಟದ್ದು ಬೇರೆ.

ಪ್ಯಾಕಿಂಗ್ ಪೇಟೆಯಲ್ಲಿ ಸಿಗದಿದ್ದರೆ ರಾಯರೇ ಕೊರೆಯುತ್ತಾರೆ. ದಪ್ಪ ಕಾಗದವನ್ನು ಲೋಹದ ಅಂಚಿನ ಮೇಲಿಟ್ಟು ಗುಂಡು ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋದರೆ ಅಂಚೇ ಕಾಗದವನ್ನು ಕತ್ತರಿಸುತ್ತದೆ, ಬೋಲ್ಟಿನ ತೂತುಗಳೂ ತಾವೇ ಮೂಡುತ್ತವೆ. ನಿಜಕ್ಕೂ ನೋಡುವಂಥ ಕೆಲಸ. ಅದಕ್ಕೆ ಅವರು ಬಳಸುವುದು ಮದುವೆಯ ಕರೆಯೋಲೆ. ಮುಂಬಯಿ ಕನ್ನಡಿಗರ ಮದುವೆಗಳ ಆಹ್ವಾನ ಪತ್ರಿಕೆಯ ದಪ್ಪ ಟೈಮಿಂಗ್ ಕವರಿಗೆ ಹೇಳಿ ಮಾಡಿಸಿದ್ದು ಎಂಬುದು ಅವರ ಸಂಶೋಧನೆ. ಹೀಗಾಗಿ ಅವರು ಯಾವ ಮದುವೆಯನ್ನೂ ತಪ್ಪಿಸುವುದಿಲ್ಲ. ಕಾರ್ಡು ಕೈಗೆ ಬಂದೊಡನೆ ಮುಹೂರ್ತ ನೋಡುವ ಮೊದಲು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ದಪ್ಪ ನೋಡುತ್ತಾರೆ. ವಾಟ್ಸ್ಯಾಪಿನಲ್ಲಿ ಕರೆದವರ ಮನೆಗೆ ಮಾತ್ರ ಹೋಗುವುದಿಲ್ಲ.

ಈ ಇಂಜಿನ್ನಿನಲ್ಲಿ ಮರವೂ ಇದೆ ಎಂದರೆ ನಂಬುತ್ತೀರಾ? ಚೇಂಬರಿನ ಮುಂತುದಿಯಲ್ಲಿ, ಕ್ರ್ಯಾಂಕಿನ ಕೆಳಗೆ, ಅಲ್ಯುಮಿನಿಯಮ್ಮಿನ ಒಂದು ಸೀಲಿಂಗ್ ಬ್ಲಾಕ್ ಕೂರುತ್ತದೆ. ಅದರ ಎರಡು ಕೊನೆಗಳ ಸಂದಿಗೆ ಮರದ ಎರಡು ಚೂರುಗಳನ್ನು ಬಡಿದು ಕೂಡಿಸಿ ಮಟ್ಟಸವಾಗಿ ಕತ್ತರಿಸಬೇಕು. ಕಂಪನಿಯ ವಿಧಾನವೇ ಅದು. ಬ್ರಿಟಿಷರು ಒಂದು ಕಡೆ ಜೆಟ್ ವಿಮಾನ ಹಾರಿಸುತ್ತ ಇನ್ನೊಂದು ಕಡೆ ಕಾರಿನ ಎಣ್ಣೆಗೆ ಕಟ್ಟಿಗೆಯ ಬಿರಡೆ ಬಡಿಯುತ್ತಿದ್ದರು. ರಾಯರು ತಾವು ಬಳಸಿದ ಮರ ಯಾವುದೆಂದು ಯಾರಿಗೂ ಹೇಳಿಲ್ಲ. ಆದರೆ ವೈನಿಯ ಲಟ್ಟಣಿಗೆ ಆ ವಾರದಿಂದ ಎರಡು ಬೆರಳು ಗಿಡ್ಡ.

ಭಾನುವಾರ ಸೂರ್ಯ ಹುಟ್ಟುವ ಮೊದಲೇ ಪುಣೆ ಎಕ್ಸ್‌ಪ್ರೆಸ್‌ವೇಯ ಬಾಯಲ್ಲಿರುವ ಮೆಕ್‌ಡೊನಾಲ್ಡ್ಸ್ ಅಂಗಳಕ್ಕೆ ಮುಂಬಯಿಯ ಸಿರಿವಂತರ ಸ್ಪೋರ್ಟ್ಸ್ ಕಾರುಗಳು ಬಂದು ಸೇರುತ್ತವೆ, ಲೋಣಾವಳಾಕ್ಕೆ ಹೋಗಿ ತಿಂಡಿ ತಿಂದು ಬರಲು. ರಾಯರು ವಾಕಿಂಗ್ ನೆಪದಲ್ಲಿ ನಡೆದು ಹೋಗುತ್ತಾರೆ. ಎಲ್ಲರೂ ಬಣ್ಣ ನೋಡುತ್ತಾರೆ, ಸದ್ದು ಕೇಳುತ್ತಾರೆ. ರಾಯರು ಬಗ್ಗಿ ಕಾರಿನ ಅಡಿಯ ನೆಲ ನೋಡುತ್ತಾರೆ. ‘ಒಂದು ಹನಿ ಇಲ್ಲರೀ, ಪಾಪ,’ ಎಂದು ಮರುಗುತ್ತ ವಾಪಸು ಬರುತ್ತಾರೆ. ಬೆಂಗಳೂರಿನ ಕಂಪನಿಯವರು ಗೋವಾದಲ್ಲಿ ಕಟ್ಟಿದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರಿತ್ತಲ್ಲ, ಫೈಬರ್ ಮೈ, ರೆನೋ ಇಂಜಿನ್ನು, ಅಂಥದ್ದೊಂದು ಕನ್ನಡದ ಸ್ಪೋರ್ಟ್ಸ್ ಕಾರನ್ನೇ ಕೊಳ್ಳಬಹುದಿತ್ತಲ್ಲ ಎಂದು ಯಾರೋ ಕೇಳಿದರು. ‘ತೊಗೊಂಡು? ಆಯ್ತವಾರ ದಿನಾ ಏನ್ ಮಾಡ್ಲಿ?’ ಎಂದರು ರಾಯರು.

ಕಾನೂನು ಕೂಡ ಅವರ ಪರವಾಗಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲ್ ತುಂಬಿಸಲು ಮತ್ತು ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಕೂಡದು. ಈ ನಿಯಮವನ್ನು ದೇಶದಲ್ಲಿ ಅಕ್ಷರಶಃ ಪಾಲಿಸುತ್ತಿರುವವರು ನಮ್ಮ ರಾಯರು. ಅವರ ಕಾರು ರಿಪೇರಿಗೆ ಹೊರತು ಬೇರೆ ಯಾವ ಕಾರಣಕ್ಕೂ ಗೇಟು ದಾಟಿಲ್ಲ. ಖಂಡಾಲಾ ಘಾಟಿಯ ಪ್ರವಾಸ ಪ್ರತಿ ಸಲವೂ ‘ಮುಂದಿನ ಆಯ್ತವಾರ’.

ಈ ಸುಖಸಂಸಾರಕ್ಕೆ ಕಲ್ಲು ಹಾಕಿದವನು ಟ್ರೇಲರ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಕಲಬುರಗಿ ಕಡೆಯ ಹುಡುಗ. ಇಂಚಿನ ಪಾನಾ ಎರವಲು ಕೊಡಲು ಬಂದವನು ಎರಡು ನಿಮಿಷ ಇಂಜಿನ್ನಿಗೆ ಕಿವಿಗೊಟ್ಟು ನಿಂತ.

‘ಕಾಕಾ, ಇದರ ಪ್ಯಾಕಿಂಗ್ ಎಲ್ಲಾ ಬರೋಬರಿ ಅದಾವ. ಉಸಿರ ಕಟ್ಟೇದ ಇದಕ್ಕ.’

ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಉರಿದ ಗಾಳಿ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಲೇ ಇರುತ್ತದೆ. ಇಂಜಿನ್ ಹಳೆಯದಾದಷ್ಟೂ ಹೆಚ್ಚು. ಅದು ಹೊರಹೋಗಲು ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರಿಗೆ ಒಂದು ಪೈಪಿದೆ, ಬ್ರೀದರ್ ಪೈಪು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಯಾವ ಪ್ಯಾಕಿಂಗ್ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರಗೆ ದೂಡುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ದಾರಿ ಹುಡುಕುತ್ತದೆ. ಹುಡುಗ ಪೈಪು ಕಿತ್ತು ತಂತಿ ತೂರಿಸಿದ. ಟಾರಿನಂಥ ಕರೀ ಮಡ್ಡಿ ಹೊರಬಂತು. ಎಣ್ಣೆ ಹಾಕುವ ಮುಚ್ಚಳದ ಜಾಲರಿಯನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆದ. ವಡಾಪಾವ್ ತಿಂದು ಹೋದ. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಆ ವಾರ ಪರಾತ ಒಣಗಿತ್ತು. ವೈನಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಒಳಗೆ ಒಯ್ದರು. ಚೇರ್ಮನ್‌ರು ನೋಟಿಸು ಹರಿದರು. ರಾಯರು ಮಾತ್ರ ಊಟದ ಹೊತ್ತಿಗೆ ಎದ್ದು, ಎರಡು ಸಲ ಕಾರಿನ ಸುತ್ತ ತಿರುಗಿ, ಮತ್ತೆ ಹೋಗಿ ಮಲಗುತ್ತಿದ್ದರು. ಇಡೀ ಒಂದು ಭಾನುವಾರ ಅವರು ಟಿವಿ ನೋಡಿದರು. ವೈನಿ ಗಾಬರಿಯಾಗಿ ಬಿಪಿ ನೋಡಿಸಿಕೊಂಡು ಬರಲು ಹೇಳಿದರಂತೆ.

ಅದೃಷ್ಟವಶಾತ್ ಮುಂದಿನ ಶನಿವಾರ ಇಂಜಿನ್ನಿನ ಹಿಂಭಾಗದಿಂದ ಒಂದು ಹನಿ ಬಿತ್ತು. ಈ ಇಂಜಿನ್ನಿನ ಹಿಂದುಗಡೆ ರಬ್ಬರ್ ಸೀಲಿಲ್ಲ. ಕ್ರ್ಯಾಂಕಿನ ಮೈಮೇಲೆ ಕೊರೆದ ತಿರುಪು ತಿರುಗುವಾಗ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಿಂತರೆ ಎಳೆಯುವವರಿಲ್ಲ. ಸದಾ ನಿಂತಿರುವ ಕಾರಿನಲ್ಲಿ ಒಂದೆರಡು ಹನಿ ಬೀಳುವುದು ಅದರ ಹುಟ್ಟುಗುಣ, ಓಡಿಸುವುದೇ ಮದ್ದು. ಇದನ್ನು ಹೇಳಬೇಕಾದ ಹುಡುಗ ಊರಿಗೆ ಹೋಗಿದ್ದ. ನಾನು ಹೇಳಬಹುದಿತ್ತು, ಆದರೆ ರಾಯರ ಮುಖದಲ್ಲಿ ಬಂದ ಕಳೆ ನೋಡಿ ಬಾಯಿ ಬರಲಿಲ್ಲ. ಅವರು ಅಂದೇ ಗೇರ್‌ಬಾಕ್ಸ್ ಇಳಿಸಿದರು, ಫ್ಲೈವೀಲ್ ಕಳಚಿದರು, ಚೇಂಬರು ಬಿಚ್ಚಿದರು. ಬಿಚ್ಚುವ ಭರದಲ್ಲಿ ಮುಂದಿನ ಆ ಅಲ್ಯುಮಿನಿಯಮ್ ಬ್ಲಾಕಿನ ಥ್ರೆಡ್ ಹರಿಯಿತು. ಮೆದು ಲೋಹ, ಹರಿಯುವುದೇ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದಲ್ಲೋ, ಹುಬ್ಬಳ್ಳಿ, ಬೆಳಗಾವಿಯ ಯಾವುದಾದರೂ ಹಳೇ ಗ್ಯಾರೇಜಿನ ಮೂಲೆಯಲ್ಲೋ ಸ್ಟ್ಯಾಂಡರ್ಡ್ ಹೆರಾಲ್ಡಿನ ಮುಂಬದಿಯ ಸೀಲಿಂಗ್ ಬ್ಲಾಕ್ ಬಿದ್ದಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಥ್ರೆಡ್ ಚೆನ್ನಾಗಿರಬೇಕು. ಬೆಲೆಯ ಮಾತು ವೈನಿಯೊಡನೆ ಆಡಬೇಡಿ, ರಾಯರೊಡನೆ ಆಡಿ. ಮರದ ಚೂರು ಬೇಡ, ಲಟ್ಟಣಿಗೆ ಇನ್ನೂ ಸಾಕಷ್ಟು ಉಳಿದಿದೆ.