ರಾಯರ ಶನಿವಾರದ ವ್ರತ

ನಮ್ಮಲ್ಲಿ ಗಂಡಸು ದಪ್ಪಗಾದರೆ ಯಾರೂ ಕಾರಣ ಕೇಳುವುದಿಲ್ಲ. ಸಣ್ಣಗಾದರೆ ಮಾತ್ರ ವಿಚಾರಣಾ ಆಯೋಗ ಕೂರುತ್ತದೆ. ಬಸವನಗುಡಿಯ ನಮ್ಮ ರಾಯರು ನಿವೃತ್ತ ಬ್ಯಾಂಕ್ ಮ್ಯಾನೇಜರು. 2025ರ ಯುಗಾದಿಗೆ 94 ಕೆಜಿ ಇದ್ದವರು, ಗಣೇಶನ ಹಬ್ಬ ಕಳೆಯುವಷ್ಟರಲ್ಲಿ ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಕೃಷ್ಣರಾವ್ ಪಾರ್ಕಿಗೆ ಬಂದರು. ಬೆಂಚಿನ ಮೇಲೆ ಆಯೋಗ ಸೇರಿತು. ‘ಶುಗರ್ ಏರಿರಬೇಕು’ ಅಂದರು ಒಬ್ಬರು. ‘ಮಗ ಸೈಟು ಮಾರಿಸಿದನಂತೆ, ಅದೇ ಕೊರಗು’ ಅಂದರು ಇನ್ನೊಬ್ಬರು. ‘ಸೊಸೆ ಬಂದ ಮೇಲೆ ಊಟ ಸರಿ ಬೀಳ್ತಿಲ್ಲ’ ಎಂಬ ಮೂರನೆಯ ವರದಿಗೆ ಹೆಚ್ಚು ಮತ ಬಿತ್ತು.

ರಾಯರು ಮಾತ್ರ ಎರಡೇ ಪದದಲ್ಲಿ ಕಡತ ಮುಚ್ಚಿದರು: ‘ಜೀರಿಗೆ ನೀರು.’

ರಾಯರಂಥವರು ಈಗ ಬಡಾವಣೆಗೆ ನಾಲ್ಕು ಜನ ಸಿಗುತ್ತಾರೆ. ಒಬ್ಬರದು ಮೆಂತ್ಯದ ನೀರು, ಒಬ್ಬರದು ನವಣೆ ಅನ್ನ, ಒಬ್ಬರದು ‘ಸೂರ್ಯ ಮುಳುಗಿದ ಮೇಲೆ ತುಟಿ ಎರಡು ಮಾಡಲ್ಲ’. ಹೇಳಿಕೆ ಬೇರೆ ಬೇರೆ. ಫ್ರಿಜ್ಜಿನ ಒಳಗಿನ ಸತ್ಯ ಒಂದೇ. ರಾಯರ ಮನೆಯಲ್ಲಿ ಆ ಸತ್ಯ ಇರುವುದು ಹಳೆಯ ತುಪ್ಪದ ಡಬ್ಬದಲ್ಲಿ, ಸಣ್ಣ ಗಾಜಿನ ಶೀಶೆಯ ರೂಪದಲ್ಲಿ. ಹೆಸರು ಟಿರ್ಜೆಪಟೈಡ್, 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಹೆಸರಿನಿಂದ ನಮ್ಮ ದೇಶದ ಅಂಗಡಿಗೆ ಬಂತು. ವಾರಕ್ಕೊಂದು ಚುಚ್ಚು. 2.5 ಮಿಲಿಗ್ರಾಮಿನ ಶೀಶೆಗೆ ಆಗ 3,500 ರೂಪಾಯಿ, 5 ಮಿಲಿಗ್ರಾಮಿನದಕ್ಕೆ 4,375. ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ತಿರಸ್ಕರಿಸಿದ ಕೈ ಈ ಬಿಲ್ಲಿಗೆ ಮರುಮಾತಿಲ್ಲದೆ ಕಾರ್ಡು ಕೊಟ್ಟಿತು.

ಹಾಗೆಂದು ರಾಯರು ಕದ್ದು ತಂದದ್ದೇನಲ್ಲ. ಶುಗರ್ ಇತ್ತು, ಬಿ.ಪಿ. ಇತ್ತು, ಬಿಎಂಐ ಮೂವತ್ತೆರಡು ದಾಟಿತ್ತು. ನಮ್ಮ ಜನಕ್ಕೆ ಇಪ್ಪತ್ತೈದಕ್ಕೇ ಬೊಜ್ಜು ಎನ್ನುತ್ತಾರೆ ವೈದ್ಯರು. ಡಾಕ್ಟರೇ ಪರೀಕ್ಷೆ ಮಾಡಿ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ ಎಂದು ವಿಚಾರಿಸಿ, ಚೀಟಿ ಬರೆದು ಕೊಟ್ಟ ಔಷಧ. ಬಿ.ಪಿ. ಮಾತ್ರೆಯನ್ನು ರಾಯರು ಊಟದ ಮೇಜಿನ ಮೇಲೇ ಇಡುತ್ತಾರೆ, ಬಂದವರಿಗೆ ಅದರ ಹೆಸರು, ಬೆಲೆ, ತಯಾರಕರ ಇತಿಹಾಸ ಎಲ್ಲ ಹೇಳುತ್ತಾರೆ. ಈ ಶೀಶೆ ಮಾತ್ರ ತುಪ್ಪದ ಡಬ್ಬ ಸೇರಿತು. ಬಿ.ಪಿ. ಇಳಿಸಿಕೊಂಡವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಹೊಟ್ಟೆ ಇಳಿಸಿಕೊಂಡವನನ್ನು ಜನ ಜಿತೇಂದ್ರಿಯ ಅನ್ನುತ್ತಾರೆ. ಆ ಬಿರುದನ್ನು ಔಷಧದ ಕಂಪನಿಗೆ ಬಿಟ್ಟುಕೊಡಲು ರಾಯರಿಗೆ ಇಷ್ಟವಿಲ್ಲ.

ಆ ಔಷಧ ಮಾಡುವ ಕೆಲಸವಾದರೂ ಏನು? ಊಟ ಒಳಗೆ ಹೋದೊಡನೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಮೇದೋಜೀರಕಕ್ಕೆ ಇನ್ಸುಲಿನ್ ಬಿಡು ಎನ್ನುತ್ತದೆ, ಹೊಟ್ಟೆಗೆ ನಿಧಾನ ಎನ್ನುತ್ತದೆ, ಮೆದುಳಿಗೆ ಸಾಕು ಎನ್ನುತ್ತದೆ. ಆದರೆ ಅದರ ಆಯುಸ್ಸು ಒಂದೆರಡು ನಿಮಿಷ. ರಾಯರ ಮನೆಯವರು ಎಲೆಯ ಮುಂದೆ ಹೇಳುತ್ತಾ ಬಂದ ‘ಸಾಕು ರೀ’ಗೆ ಇದ್ದಷ್ಟೇ. ಔಷಧದವರು ಮಾಡಿದ್ದು ಆ ಮಾತನ್ನೇ ವಾರವಿಡೀ ಬಾಳುವಂತೆ ಕಟ್ಟಿದ್ದು. ಟಿರ್ಜೆಪಟೈಡ್ ಅಂತೂ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಪಾತ್ರವನ್ನೂ ವಹಿಸುತ್ತದೆ. ಪ್ರಯೋಗದಲ್ಲಿ ಅದರ ಅತಿ ಹೆಚ್ಚಿನ ಡೋಸು ತೆಗೆದುಕೊಂಡವರು 72 ವಾರಗಳಲ್ಲಿ ಸರಾಸರಿ ಐದನೆಯ ಒಂದು ಭಾಗ ತೂಕ ಇಳಿಸಿಕೊಂಡರು. ಜೀರಿಗೆಗೆ ಅಂಥ ಚರಿತ್ರೆ ಇಲ್ಲ.

ಚುಚ್ಚಿಕೊಳ್ಳುವ ದಿನವನ್ನು ಆರಿಸಿದ್ದರಲ್ಲಿ ರಾಯರ ಆಡಳಿತ ಚಾತುರ್ಯ ಕಾಣುತ್ತದೆ. ಶುಕ್ರವಾರ ರಾತ್ರಿ ಚುಚ್ಚು. ಡೋಸು ಏರಿದ ವಾರಗಳಲ್ಲಿ ಮರುದಿನ ಓಕರಿಕೆ, ಹುಳಿತೇಗು. ಅನ್ನದ ವಾಸನೆಯೂ ಆಗದು. ಮರುದಿನ ಶನಿವಾರ, ಆಂಜನೇಯನ ದಿನ. ‘ಶನಿವಾರ ನನ್ನದು ಒಪ್ಪತ್ತು’ ಎಂದು ಘೋಷಿಸಿದರು. ಭಾನುವಾರಕ್ಕೂ ಹಸಿವಾಗದಿದ್ದರೆ ‘ಪಾರಣೆ ಲಘುವಾಗಿರಬೇಕು’. ಏಕಾದಶಿ, ಸಂಕಷ್ಟಿ, ಗುರುವಾರ ಎಲ್ಲವೂ ಒಂದೊಂದಾಗಿ ಸೇವೆಗೆ ಬಂದವು. ಅರವತ್ತೆಂಟು ವರ್ಷ ಉಪವಾಸದ ದಿನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಳ್ಳುತ್ತಿದ್ದ ಮನುಷ್ಯನ ಈ ಭಕ್ತಿ ಕಂಡು ಗುಡಿಯ ಅರ್ಚಕರೇ ಪ್ರಸಾದವನ್ನು ಚಿಟಿಕೆಗೆ ಇಳಿಸಿದರು. ಮಲಬದ್ಧತೆಯಾದಾಗ ಮಾತ್ರ ಯಾವ ದೇವರೂ ಒದಗಲಿಲ್ಲ. ಅದಕ್ಕೆ ‘ದೇಹಶುದ್ಧಿ ನಡೀತಾ ಇದೆ’ ಎಂಬ ಲೌಕಿಕ ವಿವರಣೆ ಕೊಟ್ಟರು.

ಇನ್ನು ಚುಚ್ಚುವ ವಿಧಿ. ಹೊಕ್ಕುಳಿಂದ ಎರಡು ಇಂಚು ದೂರ, ವಾರಕ್ಕೊಂದು ಜಾಗ. ಚುಚ್ಚುವವರು ಮನೆಯವರು. ರಾಯರು ಅಂಗಿ ಎತ್ತಿ, ಗೋಡೆಯ ಕಡೆ ಮುಖ ತಿರುಗಿಸಿ, ಕಣ್ಣು ಮುಚ್ಚಿ, ‘ಆಯ್ತಾ? ಆಯ್ತಾ?’ ಎಂದು ಕೇಳುತ್ತಿರುತ್ತಾರೆ. ಆಕೆ ಇನ್ನೂ ಸ್ಪಿರಿಟ್ ಹತ್ತಿಯನ್ನೇ ಹುಡುಕುತ್ತಿರುತ್ತಾರೆ.

ಆಕೆಗೂ ಒಮ್ಮೆ ಅನುಮಾನ ಬಂತು. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ವಿಡಿಯೊ ಕರೆಯಲ್ಲಿ, ಈ ಕುಲದ ಔಷಧಗಳಿಗೆ ಮೊದಲ ದಾರಿ ತೋರಿಸಿದ್ದು ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಎಂದುಬಿಟ್ಟ. ಹುಡುಗ ಹೇಳಿದ್ದು ನಿಜವೇ. ನ್ಯೂಯಾರ್ಕಿನ ಜಾನ್ ಎಂಗ್ ಎಂಬ ವೈದ್ಯರು ಆ ಹಲ್ಲಿಯ ವಿಷದಲ್ಲಿ ಜಿಎಲ್‌ಪಿ-1ನ್ನೇ ಹೋಲುವ, ಆದರೆ ಬಹಳ ಹೊತ್ತು ಬಾಳುವ ಪದಾರ್ಥವನ್ನು ಕಂಡರು. ಅದರ ಕೃತಕ ರೂಪವೇ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಕ್ಸೆನಟೈಡ್. ಈಗಿನ ಔಷಧಗಳನ್ನು ಹಲ್ಲಿಯ ವಿಷದಿಂದ ತೆಗೆಯುವುದಿಲ್ಲ. ಆದರೂ ಆಕೆ ಪಂಚಾಂಗ ತೆಗೆದರು. ‘ಹಲ್ಲಿ ಮೈಮೇಲೆ ಬಿದ್ರೆ ಏನು ಫಲ ಅಂತ ಪಟ್ಟಿ ಕೊಟ್ಟಿದ್ದಾರೆ ರೀ. ಚುಚ್ಚಿಸಿಕೊಂಡ್ರೆ ಏನು ಅಂತ ಇಲ್ವಲ್ಲ?’ ರಾಯರು ಔಷಧದಂಗಡಿಯ ಬಿಲ್ಲು ನೋಡಿ ನಿಟ್ಟುಸಿರು ಬಿಟ್ಟರು: ‘ಧನಲಾಭವಂತೂ ಅಲ್ಲ.’

ಗುಟ್ಟು ಬಯಲಾಗುವ ಹಂತಕ್ಕೆ ಬಂದದ್ದು ಗೌರಿ ಹಬ್ಬದಲ್ಲಿ. ಒಬ್ಬಟ್ಟಿಗೆ ತುಪ್ಪ ಸಾಲದೆ ಸೊಸೆ ಫ್ರಿಜ್ಜಿನ ಡಬ್ಬಕ್ಕೆ ಕೈ ಹಾಕಿದಳು. ರಾಯರು ಎಲೆ ಬಿಟ್ಟು ಎದ್ದು ಓಡಿದ್ದನ್ನು ನೋಡಿದವರು, ಅರವತ್ತೆಂಟರಲ್ಲೂ ಏನು ಚುರುಕು ಎಂದು ಮೆಚ್ಚಿದರು. ‘ಏನಿದು ಮಾವ, ಇಂಜೆಕ್ಷನ್ನು?’ ‘ಬಿ-ಟ್ವೆಲ್ವು.’ ಪಂಕ್ತಿ ಪೂರ್ತಿ ತಲೆಯಾಡಿಸಿತು. ಸಸ್ಯಾಹಾರಿ ಬೆಂಗಳೂರಿನಲ್ಲಿ ಬಿ-12 ಕೊರತೆ ಇಲ್ಲದವರನ್ನೇ ಅನುಮಾನದಿಂದ ನೋಡಬೇಕು. ಮಾತು ಒಡನೆ ಯಾರಿಗೆ ಎಷ್ಟಿದೆ ಎಂಬ ಪೈಪೋಟಿಗೆ ತಿರುಗಿತು.

ಇಷ್ಟರವರೆಗೆ ನಷ್ಟ ಯಾರಿಗೂ ಇಲ್ಲ. ನಷ್ಟವಾದದ್ದು ಮೇಷ್ಟ್ರಿಗೆ. ಬೆಂಚಿನ ಬಲತುದಿಯಲ್ಲಿ ಕೂರುವ ನಿವೃತ್ತ ಹೈಸ್ಕೂಲು ಮೇಷ್ಟ್ರು, ತೂಕ ರಾಯರಷ್ಟೇ, ಶುಗರ್ ಅವರಿಗಿಂತ ಹೆಚ್ಚು. ರಾಯರ ಮಾತು ನಂಬಿ ಬೆಳಗ್ಗೆ ಸಂಜೆ ಲೋಟಗಟ್ಟಲೆ ಜೀರಿಗೆ ನೀರು ಕುಡಿದರು, ರಾತ್ರಿ ಊಟ ಬಿಟ್ಟರು, ಗಾಂಧಿ ಬಜಾರಿನ ಮಸಾಲೆ ದೋಸೆಯ ವಾಸನೆ ಬಂದರೆ ರಸ್ತೆ ದಾಟಿದರು. ತಿಂಗಳುಗಟ್ಟಲೆ ಹೀಗೆ ನಡೆದರೂ ಅರ್ಧ ಕೆಜಿ ಇಳಿದು ಒಂದು ಕೆಜಿ ಏರಿತು. ರಾಯರು ಅವರ ಹೊಟ್ಟೆಯನ್ನೊಮ್ಮೆ ನೋಡಿ, ಕರುಣೆಯಿಂದ ಹೆಗಲು ತಟ್ಟಿ, ಉಪದೇಶಿಸಿದರು: ‘ಮನಸ್ಸು ಗಟ್ಟಿ ಮಾಡಬೇಕು ಮೇಷ್ಟ್ರೇ. ಎಲ್ಲ ಇರೋದು ಮನಸ್ಸಲ್ಲಿ.’ ಹಸಿವು ಹಾರ್ಮೋನಿನ ವ್ಯವಹಾರ ಎಂಬುದನ್ನು ವಾರವಾರವೂ ಸ್ವಂತ ಹೊಟ್ಟೆಯಲ್ಲಿ ಅನುಭವಿಸುತ್ತಿದ್ದ ಮನುಷ್ಯ ಹೇಳಿದ ಮಾತು ಅದು. ಮೇಷ್ಟ್ರು ತಮ್ಮ ಮನಸ್ಸು ಮೆದು ಎಂದು ನಂಬಿಕೊಂಡು ಮನೆಗೆ ಹೋದರು.

ದೀಪಾವಳಿಗೆ ರಾಯರು 80 ಕೆಜಿಗೆ ಇಳಿದಿದ್ದರು. ಸುಳ್ಳನ್ನು ದಿನಾ ಹೇಳುತ್ತಿದ್ದರೆ ಮೊದಲು ನಂಬುವವನು ಹೇಳಿದವನೇ. ‘ಇನ್ನೇಕೆ ಇದು, ನನಗೆ ನಿಗ್ರಹ ಬಂದಿದೆ’ ಎಂದು ಡಾಕ್ಟರನ್ನು ಕೇಳದೆ ಚುಚ್ಚು ನಿಲ್ಲಿಸಿದರು. ಕೆಲವೇ ವಾರದಲ್ಲಿ ಹಸಿವು ಹಳೆಯ ಬಾಕಿದಾರನಂತೆ ಬಡ್ಡಿ ಸಮೇತ ಬಾಗಿಲಿಗೆ ಬಂತು. ಆಗ ಮದುವೆಗಳ ಕಾಲ. ಚಿರೋಟಿಯ ಮೇಲೆ ಬಾದಾಮಿ ಹಾಲು ಹಾಕಿಸಿಕೊಳ್ಳುವಾಗ ‘ಸಾಕು’ ಎನ್ನಲು ಒಳಗೆ ಯಾರೂ ಇರಲಿಲ್ಲ. ಇದೇ ಕುಲದ ಸೆಮಾಗ್ಲುಟೈಡ್ ಎಂಬ ಔಷಧ ನಿಲ್ಲಿಸಿದವರನ್ನು ಗಮನಿಸಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದಲ್ಲಿ ಮರಳಿತ್ತು. ರಾಯರು ಮೊದಲಿನಿಂದಲೂ ಗುರಿಗಿಂತ ಮುಂದೆ. ಸಂಕ್ರಾಂತಿಗೇ ಬೆಲ್ಟಿನ ಹೊಸ ತೂತು ನಿರುಪಯೋಗಿಯಾಯಿತು. ಬೆಂಚಿಗೆ ಕೊಟ್ಟ ಕಾರಣ: ‘ಚಳಿಗಾಲದ ವಾತ.’ ಡಾಕ್ಟರು ಕೊಟ್ಟದ್ದು ಬೈಗುಳ, ಆಮೇಲೆ ಮತ್ತೆ ಕೆಳಗಿನ ಡೋಸಿನಿಂದ ಆರಂಭ. ಮಾಂಸಖಂಡ ಕರಗದಿರಲು ಬೇಳೆಕಾಳು ಹೆಚ್ಚಿಸಿ, ಸ್ವಲ್ಪ ಭಾರ ಎತ್ತಿ ಎಂಬ ಬುದ್ಧಿಮಾತೂ ಸೇರಿತು. ಅದನ್ನು ರಾಯರು ಪಾರ್ಕಿನಲ್ಲಿ ತಮ್ಮದೇ ಸಂಶೋಧನೆಯಾಗಿ ಹಂಚಿದರು.

2026ರ ಮಾರ್ಚ್‌ನಲ್ಲಿ ಭಾರತದಲ್ಲಿ ಸೆಮಾಗ್ಲುಟೈಡಿನ ಪೇಟೆಂಟ್ ಮುಗಿಯಿತು. ನಮ್ಮ ಕಂಪನಿಗಳಿಗೂ ಅದನ್ನು ತಯಾರಿಸುವ ದಾರಿ ತೆರೆಯಿತು. ಪತ್ರಿಕೆಯಲ್ಲಿ ಸುದ್ದಿ ಓದಿ ಬೆಂಚಿನಲ್ಲಿ ಎಲ್ಲರೂ ಚರ್ಚಿಸಿದರೆ ರಾಯರೊಬ್ಬರೇ ಮೌನಿ. ಪಿಂಚಣಿದಾರರಿಗೆಲ್ಲ ಎಟುಕುವಂತಾದರೆ ತಪಸ್ಸಿಗೆ ಏನು ಬೆಲೆ ಉಳಿಯಿತು?

ಒಂದು ಬೆಳಗ್ಗೆ ಮೇಷ್ಟ್ರು ಬಂದವರೇ, ನಲವತ್ತು ವರ್ಷ ಹಾಜರಿ ಕೂಗಿದ ಗಂಟಲಿನಲ್ಲಿ ಹೇಳಿದರು: ‘ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಇವತ್ತಿಂದ ಶುರು.’ ಬೆಂಚು ಗಪ್‌ಚಿಪ್. ನವಣೆಯವರು ಬೂಟಿನ ದಾರ ಬಿಚ್ಚಿ ಕಟ್ಟಿದರು. ಮೆಂತ್ಯದವರು ಆಕಾಶದಲ್ಲಿ ಮೋಡ ಹುಡುಕಿದರು. ಮೇಷ್ಟ್ರು ಮುಂದುವರಿಸಿದರು: ‘ಕೆಡಬಾರದು ಅಂತ ಫ್ರೀಜರ್‌ನಲ್ಲಿ ಇಟ್ಟು ಬಂದಿದ್ದೀನಿ.’

ತಪ್ಪು ಲೆಕ್ಕ ಕಂಡರೆ ಸುಮ್ಮನಿರುವುದು ಬ್ಯಾಂಕಿನವರ ರಕ್ತದಲ್ಲಿಲ್ಲ. ‘ಅಯ್ಯೋ, ಫ್ರೀಜರ್‌ನಲ್ಲಿ ಇಡಬಾರದು ಕಣ್ರೀ!’ ರಾಯರು ಎದ್ದೇ ನಿಂತಿದ್ದರು. ‘ಎರಡರಿಂದ ಎಂಟು ಡಿಗ್ರಿ! ಒಮ್ಮೆ ಹೆಪ್ಪುಗಟ್ಟಿದರೆ ಎಸೀಬೇಕು!’

‘ಬಾಗಿಲ ಕಡೆಯೂ ಬೇಡ, ಒಳಗಿನ ತಟ್ಟೇಲಿ ಇಡಿ’ ಅಂದುಬಿಟ್ಟರು ನವಣೆಯವರು. ‘ಮೊದಲ ತಿಂಗಳು ಎಣ್ಣೆ ಪದಾರ್ಥ ಮುಟ್ಟಬೇಡಿ, ವಾಂತಿ ಬರುತ್ತೆ’ ಎಂದರು ಮೆಂತ್ಯದವರು. ಆಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನೋಡಿ, ರಾಯರ ಮೇಲೆ ಕಣ್ಣು ನಿಲ್ಲಿಸಿದರು. ‘ಹಾಗಾದರೆ ಜೀರಿಗೆ ನೀರು?’

ಬೇರೆಯವರಾಗಿದ್ದರೆ ಮನೆಯ ದಾರಿ ಹಿಡಿಯುತ್ತಿದ್ದರು. ರಾಯರು ಗಂಟಲು ಸರಿಮಾಡಿಕೊಂಡು, ಮತ್ತೆ ಕೂತು, ಹಳೆಯ ಕರುಣೆಯಿಂದಲೇ ಮೇಷ್ಟ್ರ ಹೆಗಲು ತಟ್ಟಿದರು.

‘ಇಂಜೆಕ್ಷನ್ ತಂದಿಟ್ಟುಕೊಂಡರೆ ಆಗಲಿಲ್ಲ ಮೇಷ್ಟ್ರೇ. ಚುಚ್ಚಿಕೊಳ್ಳೋದಕ್ಕೂ ಮನಸ್ಸು ಗಟ್ಟಿ ಬೇಕು.’